ಪರಿಗಣಿಸಲಾಗಿದೆ

"ಹಡಗಿನ ಎಡಮಗ್ಗುಲು ಸೀಳಿದೆ ಸಾರ್. ಒಳಗೆ ಪೂರ್ತಿ ಎಣ್ಣೆ. ದಯವಿಟ್ಟು ಬಂದರಿನೊಳಗೆ ಬಿಟ್ಕೊಳ್ಳಿ. ಅಲೆ ಇಲ್ಲದ ಕಡೆ ನಿಲ್ಲಿಸಿದ್ರೆ ಎಣ್ಣೇನ ಇನ್ನೊಂದು ಹಡಗಿಗೆ ತೆಗೆದುಬಿಡಬಹುದು" ಎಂದು ಕಪ್ತಾನ ರೇಡಿಯೊದಲ್ಲಿ ಅಂಗಲಾಚುತ್ತಿದ್ದ. ಬಂದರಿನ ಮುಖ್ಯಾಧಿಕಾರಿಗಳು ಮಾತಾಡುವ ಗುಂಡಿಯ ಮೇಲೆ ಬೆರಳಿಟ್ಟರು, ಒತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಳಿಯನ ಮುಖ ನೋಡಿದರು. ಅಳಿಯ ಬಂದರಿನ ಕಾನೂನು ಸಲಹೆಗಾರ. ಮಗಳನ್ನು ಕೊಟ್ಟ ಕೈಯಲ್ಲೇ ಆ ಕೆಲಸವನ್ನೂ ಕೊಡಿಸಿದ್ದು ಮಾವನವರೇ.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೀತೀರಾ ಮಾವ?" ಎಂದ ಅಳಿಯ.

"ಹಾಗಲ್ಲಪ್ಪ, ಅವನು ಹೇಳ್ತಿರೋದು ಸರಿ. ಒಳಗೆ ತಂದ್ರೆ ಒಂದಿಷ್ಟು ಸೋರುತ್ತೆ ನಿಜ. ಸುತ್ತ ತೇಲೋ ಬೇಲಿ ಕಟ್ಟಿ ಬಳ್ಕೋಬಹುದು. ಹೊರಗೆ ಅಟ್ಟಿದ್ರೆ ಈ ಗಾಳೀಲಿ ಹಡಗು ಎರಡು ಹೋಳಾಗುತ್ತೆ." ಈ ಕುರ್ಚಿಗೆ ಬರುವ ಮುಂಚೆ ಮುಖ್ಯಾಧಿಕಾರಿಗಳೂ ಹಡಗು ನಡೆಸಿದವರು, ಸೀಳಿದ ಹಡಗು ಹೇಗೆ ನರಳುತ್ತದೆಂದು ಅವರ ಕಿವಿಗೆ ಗೊತ್ತಿತ್ತು.

"ಒಂದಿಷ್ಟೋ ಒಂದು ಹನಿಯೋ, ಅದು ನಿಮ್ಮ ಕಾಲದಲ್ಲಿ ಸೋರಿದ್ದು ಅಂತಲೇ ಲೆಕ್ಕ. ನಿವೃತ್ತಿ ಹೊತ್ತಲ್ಲಿ ಮುಖಕ್ಕೆ ಮಸಿ ಬಳ್ಕೊಂಡು ಮನೆಗೆ ಬರ್ತೀರಾ?"

"ಅಪಾಯದಲ್ಲಿರೋ ಹಡಗಿಗೆ ಆಸರೆ ಕೊಡಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇಲ್ವೇನೋ?"

ಅಳಿಯನ ಮುಖ ಅರಳಿತು. ಅವನು ಓದಿದ್ದು ಇಂಥ ಪ್ರಶ್ನೆಗಾಗಿಯೇ. "ಕೊಡಬೇಕು ಅಂತ ಎಲ್ಲೂ ಇಲ್ಲ ಮಾವ. ಕೊಡೋದನ್ನ ಪರಿಗಣಿಸಬೇಕು ಅಂತಿದೆ. ಪರಿಗಣಿಸೋಣ, ಅದಕ್ಕೇನಂತೆ?" ಎಂದವನು ಕಣ್ಣು ಮುಚ್ಚಿ, ಒಂದು ಸೀನು ಬಂದು ಹೋಗುವಷ್ಟು ಹೊತ್ತು ಸುಮ್ಮನಿದ್ದು, ಕಣ್ಣು ಬಿಟ್ಟ. "ಪರಿಗಣಿಸಿದ್ದಾಯ್ತು. ಹೊರಗೆ ಕಳಿಸಿ. ಹನ್ನೆರಡು ಮೈಲಿ ದಾಟಿದ್ರೆ ನಮ್ಮ ಗಡಿ ಮುಗೀತು."

"ಅದರಾಚೆಗೂ ನಮ್ಮ ಹಕ್ಕಿದೆ ಅಂತ ನೀನೇ ಹೇಳಿದ್ದೆಯಲ್ಲ?"

"ಮೀನು ಸಿಕ್ಕಿದ್ರೆ ನಮ್ಮದು ಮಾವ. ಒಡಕು ಹಡಗು ಯಾಕೆ ನಮ್ಮದಾಗುತ್ತೆ?"

ಮುಖ್ಯಾಧಿಕಾರಿಗಳು ಗುಂಡಿ ಒತ್ತಿದರು. "ನಿಮ್ಮ ಮನವಿಯನ್ನು ಪರಿಗಣಿಸಲಾಗಿದೆ. ನೀವು ಕೂಡಲೇ ನಮ್ಮ ಜಲಗಡಿಯಿಂದ ನಿರ್ಗಮಿಸತಕ್ಕದ್ದು." ಹಾಗೆ ಅವರು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾವತ್ತೂ ಮಾತಾಡಿದವರಲ್ಲ. ಆ ಕಡೆಯಿಂದ ಕಪ್ತಾನ ಕೇಳಿದ, "ನಿರ್ಗಮಿಸಿ ಎಲ್ಲಿಗೆ ಹೋಗಲಿ ಸಾರ್?" ಮುಖ್ಯಾಧಿಕಾರಿಗಳು ರೇಡಿಯೊದ ದನಿ ತಗ್ಗಿಸಿದರು.

ಬಂದರಿನ ಟಗ್ ದೋಣಿಗಳು ಹಗ್ಗ ಕಟ್ಟಿ ಹಡಗನ್ನು ಹೊರಕ್ಕೆ ಎಳೆದುಕೊಂಡು ಹೋದವು. ಗಡಿ ದಾಟಿದ ಮೇಲೆ, ಮಾವ ಹೇಳಿದ ಹಾಗೆಯೇ, ಅದು ಎರಡು ಹೋಳಾಯಿತು. ಹೆಲಿಕಾಪ್ಟರ್ ಬಂದು ನಾವಿಕರನ್ನು ಒಬ್ಬೊಬ್ಬರಾಗಿ ಎತ್ತಿಕೊಂಡಿತು. ಎಲ್ಲರನ್ನೂ ಕಳಿಸಿ ಕಡೆಗೆ ಹೊರಟ ಕಪ್ತಾನ ಜಾರಿ ಬಿದ್ದು ಕಾಲು ಮುರಿದುಕೊಂಡ. ಅಳಿಯ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿ, "ಗೆದ್ವಿ ಮಾವ, ಗಡಿಯಿಂದ ಆಚೆಗೇ ಇದೆ" ಎಂದ. ಆದರೆ ಎಣ್ಣೆಯೇನೂ ಕಾನೂನು ಓದಿರಲಿಲ್ಲ. ಗಾಳಿ ತಿರುಗಿದ್ದೇ ತಡ, ಅದು ಯಾರ ಅಪ್ಪಣೆಯನ್ನೂ ಕೇಳದೆ ಸೀದಾ ಬಂದರಿನೊಳಕ್ಕೆ ಬಂದು, ದೋಣಿ ಕಟ್ಟುವ ದಕ್ಕೆಯ ಮೆಟ್ಟಿಲುಗಳನ್ನು ಏರಿ ಕೂತಿತು. ದೋಣಿಗಳ ಹಗ್ಗ ಮುಟ್ಟಿದರೆ ಕೈ ಬಿಡಿಸಿಕೊಳ್ಳುವುದು ಕಷ್ಟವಾಯಿತು. ರೆಕ್ಕೆ ಎತ್ತಲಾಗದ ಹಕ್ಕಿಗಳು ಮರಳಿನ ಮೇಲೆ ಕರೀ ಬೂಟುಗಳ ಹಾಗೆ ಬಿದ್ದಿದ್ದವು. ಬಲೆಗಾರರು ಬಂದು ಕಚೇರಿಯ ಬಾಗಿಲಲ್ಲಿ ಕೂತರು. ಅವರು ಕೂಗಲಿಲ್ಲ, ಕಲ್ಲೆಸೆಯಲಿಲ್ಲ; ಸುಮ್ಮನೆ ಕೂತರು. ಮುಖ್ಯಾಧಿಕಾರಿಗಳು ಹಿಂಬಾಗಿಲಿನಿಂದ ಓಡಾಡತೊಡಗಿದರು.

ಯಾರನ್ನಾದರೂ ಹಿಡಿಯಲೇಬೇಕಿತ್ತು. ಹಡಗಿನ ಮಾಲೀಕರೆಂಬ ಕಂಪನಿಯ ವಿಳಾಸ ಹುಡುಕಿದರೆ ಅದು ಇನ್ನೆಲ್ಲಿಯದೋ ಊರಿನ ಒಂದು ಕ್ಷೌರದಂಗಡಿಯ ಮಹಡಿಯಾಗಿತ್ತು, ಅದಕ್ಕೂ ಬೀಗ. ಹಡಗು ಯಾವ ದೇಶದ ಬಾವುಟ ಹಾರಿಸುತ್ತಿತ್ತೋ ಆ ದೇಶದವರು, ಅಂಥದೊಂದು ಹಡಗು ನಮ್ಮದಿದೆಯೇ ಎಂದು ಇವರನ್ನೇ ಕೇಳಿದರು. ಕೈಗೆ ಸಿಕ್ಕವನು, ಓಡಲಾರದವನು, ಆಸ್ಪತ್ರೆಯ ಮಂಚದ ಮೇಲಿದ್ದ ಕಪ್ತಾನ ಒಬ್ಬನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿ, ಮಾವ ಅಳಿಯ ಇಬ್ಬರೂ ಹೇಳಿಕೆ ಪಡೆಯಲು ಹೋದರು.

"ಕಡಲ ಪರಿಸರಕ್ಕೆ ಹಾನಿ ಮಾಡಿದ ಆರೋಪ. ಐದು ವರ್ಷಕ್ಕೆ ಮೋಸ ಇಲ್ಲ" ಎಂದು ಅಳಿಯ ಶುರುಮಾಡಿದ.

ಮುಖ್ಯಾಧಿಕಾರಿಗಳು ಸ್ಟೂಲಿನ ತುದಿಯಲ್ಲಿ ಕೂತು ಕಪ್ತಾನನ ಪ್ಲಾಸ್ಟರ್ ಹಾಕಿದ ಕಾಲನ್ನೇ ನೋಡುತ್ತಿದ್ದರು. ಮುಖ ನೋಡುವ ಧೈರ್ಯ ಬರಲಿಲ್ಲ. ಕಪ್ತಾನ ಮಾತ್ರ ಅವರನ್ನೇ ನೋಡುತ್ತ ಕೇಳಿದ, "ಒಂದು ಮಾತು ಕೇಳ್ತೀನಿ ಸಾರ್. ಅವತ್ತು ನಿಮ್ಮನ್ನ ಕೇಳದೆ, ಸೀದಾ ಒಳಗೆ ನುಗ್ಗಿ ಲಂಗರು ಹಾಕಿಬಿಟ್ಟಿದ್ರೆ ನೀವು ಏನ್ಮಾಡ್ತಿದ್ರಿ?"

"ಅನುಮತಿ ಇಲ್ದೇನಾ?" ಅಳಿಯ ನಕ್ಕುಬಿಟ್ಟ. "ಹಿಡಿದು ಒಳಗೆ ಹಾಕಿಸ್ತಿದ್ವಿ."

"ಹಾಗಾದ್ರೆ ಹೆಂಗೂ ಒಳಗೇ" ಎಂದ ಕಪ್ತಾನ. "ಛೆ, ಕೇಳಿ ಕೆಟ್ಟೆ. ಕಡಲಾದ್ರೂ ಉಳ್ಕೋತಿತ್ತು."

ಮುಖ್ಯಾಧಿಕಾರಿಗಳು ತಲೆ ಇನ್ನಷ್ಟು ತಗ್ಗಿಸಿದರು. ಅಳಿಯ ಅವರ ಭುಜ ತಟ್ಟಿ, ಪೆನ್ನಿನ ಮುಚ್ಚಳ ತೆಗೆದ. "ಕೇಳಿಸ್ಕೊಂಡ್ರಾ ಮಾವ? ಅಪ್ಪಣೆ ಇಲ್ಲದೆ ನುಗ್ಗೋ ಯೋಚನೆ ಇತ್ತು ಅಂತ ತಾನೇ ಬಾಯಿಬಿಟ್ಟ. ಇನ್ನೊಂದು ಕಲಂ ಸೇರಿಸಬಹುದು."