ಏಳನೆಯ ಬಾಗಿಲಿನ ದರ

ಕಾಲುವೆ ಇನ್ನೂ ಹುಟ್ಟಿರಲಿಲ್ಲ, ಗುಬ್ಬಿಗಳಿಗೆ ಮಾತು ಬರುತ್ತಿತ್ತು, ಅಂಥ ಕಾಲದಲ್ಲಿ ಏಳು ಬಾಗಿಲಿನ ಒಂದು ಅರಮನೆಯಿತ್ತು. ಏನನ್ನೋ ಹುಡುಕುತ್ತ ಬಂದ ರಾಜನ ಮಗಳು ಆರು ಬಾಗಿಲು ದಾಟಿದಳು. ಏಳನೆಯದಕ್ಕೆ ಕೈ ಹಚ್ಚಿ ದೂಡಿದಳು. ಒಳಗೆ...

ಅಲ್ಲಿಗೆ ತಿಮ್ಮವ್ವಜ್ಜಿಯ ದನಿ ನಿಂತು ಮೊಬೈಲಿನ ಪರದೆಯ ಮೇಲೆ ಹಳದಿ ಬೀಗವೊಂದು ಮೂಡಿತು. ಮೊದಲ ಹದಿನೈದು ನಿಮಿಷ ಉಚಿತ, ಮುಂದಿನ ಕಥೆಗೆ ಒಂದೇ ಒಂದು ರೂಪಾಯಿ! ಅದರ ಕೆಳಗೆ ಇರುವೆಯ ಕಾಲಿನಂಥ ಅಕ್ಷರಗಳು: ಏಳು ದಿನಗಳ ನಂತರ ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ ನಿಮ್ಮ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ.

ಮೋನಮ್ಮ ಹಣೆ ಬಡಿದುಕೊಂಡಳು. ಸುರಪುರದಲ್ಲಿ ಗಂಡನ ಮನೆಯಲ್ಲಿದ್ದ ಅಕ್ಕ ಮರಿಲಿಂಗಮ್ಮನಿಗೆ ಏಳು ತಿಂಗಳು. ಮಂಚ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಮಲಗಿ ಮಲಗಿ ಬೇಸತ್ತವಳು ಕೇಳಿದ್ದು ಒಂದೇ: “ಆಯಿ ಕಥಿ ತುದಿ ಏನದ ಅಂತ ಇವತ್ತ ಸಂಜಿಯೊಳಗ ಕಳಸ್ತಿಯೇನು?” ಕಳಿಸುತ್ತೇನೆಂದು ಮೋನಮ್ಮ ಮಾತು ಕೊಟ್ಟಿದ್ದಳು. ಅವ್ವ ತೀರಿಕೊಂಡ ಮೇಲೆ ಇಬ್ಬರನ್ನೂ ಸಾಕಿದವಳು ಅವರು ಆಯಿ ಎನ್ನುವ ಈ ಅಜ್ಜಿಯೇ. ಅದೇ ಕಥೆಯನ್ನು ನೂರು ಸಲ ಹೇಳಿದ್ದಳು, ತುದಿ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಏಳನೆಯ ಬಾಗಿಲಿಗೆ ಬಂದೊಡನೆ ಮೆಣಸಿನಕಾಯಿ ರಾಶಿ ತೋರಿಸಿ, “ಇವುಗಳ ತೊಟ್ಟು ಮುರೀರಿ, ಮುಂದಿಂದು ಹೇಳ್ತೀನಿ” ಎನ್ನುವಳು. ರಾಶಿ ಮುಗಿಯುವುದರೊಳಗೆ ಹುಡುಗಿಯರಿಗೆ ನಿದ್ದೆ ಬಂದಿರುತ್ತಿತ್ತು.

ಅದಕ್ಕೇ ಮೋನಮ್ಮ ‘ಕಥೆಪೆಟ್ಟಿಗೆ’ ಎಂಬ ಪುಕ್ಕಟೆ ಆ್ಯಪ್ ಹಾಕಿಕೊಂಡು, ಬೆಳಿಗ್ಗೆ ಅದನ್ನು ಅಜ್ಜಿಯ ಮುಂದೆ ಚಾಲೂ ಮಾಡಿಟ್ಟು, ಕಾಲುವೆ ದಂಡೆಯ ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದಳು. ತಿರುಗಿ ಬಂದಾಗ ಅಜ್ಜಿ, “ಪೂರಾ ಹೇಳೀನಿ ನೋಡು” ಎಂದಿದ್ದಳು.

“ಹಂಗಾದ್ರ ನನ್ನ ದನಿ ಅದರ ಹೊಟ್ಟ್ಯಾಗೇ ಅದ?” ಈಗ ಅಜ್ಜಿ ಪರದೆಯತ್ತ ಬಗ್ಗಿ ಕೇಳಿದಳು.

“ಅದ ಆಯಿ. ಬೀಗ ಹಾಕ್ಯಾರ.”

“ನನ್ನ ಕಥಿಗೆ ನನ್ನ ಮೊಮ್ಮಗಳ ಹಂತ್ಯಾಕೇ ರೊಕ್ಕ ಕೇಳ್ತಾನ?” ತಿಮ್ಮವ್ವ ಎಲೆಗೆ ಸುಣ್ಣ ಸವರಿದಳು. ಸಿಟ್ಟು ಬರಲಿಲ್ಲ, ಮೆಚ್ಚುಗೆಯೇ ಬಂತು. “ಶಾಣ್ಯಾ ಅದಾನ ಬಿಡು. ಪುಕ್ಕಟ ಎಲ್ಲೀತನಾ ಕೊಡಬೇಕು, ಎಲ್ಲಿ ಕೈ ಹಿಡೀಬೇಕು ಗೊತ್ತದ ಅವಗ. ಒಂದು ರೂಪಾಯಿ ಅಲ್ಲೇನು, ಒಗದುಬಿಡು.”

“ಒಂದು ರೂಪಾಯಿ ಅಲ್ಲ ಆಯಿ ಅದು! ತಿಂಗಳಾ ತೊಂಬತ್ತೊಂಬತ್ತು ಅಂತ ಕೆಳಗ ಸಣ್ಣ ಅಕ್ಷರದಾಗ ಬರದಾರ. ಹಾಡಿನ ಆ್ಯಪಿಗೂ ಹಿಂಗೇ ಒಂದು ರೂಪಾಯಿ ಅಂತ ಒತ್ತಿದ್ದೆ. ಐದು ತಿಂಗಳು ಅಪ್ಪನ ಖಾತ್ಯಾಗಿಂದ ನೂರು ನೂರು ಹೋಯ್ತು. ಬ್ಯಾಡ ಅನ್ನೋ ಗುಂಡಿ ಎಲ್ಲದ ಅಂತ ಕೇಳಾಕ ಬಸ್ ಹತ್ತಿ ಶಹಾಪುರಕ್ಕ ಹೋಗಿ ಬಂದೆ.”

“ಅಂದ್ರ ಅವನ ಸುಗ್ಗಿ ನಿನ್ನ ಮರೆವಿನಾಗ ಅದ.”

“ನೀನೇ ಇನ್ನೊಮ್ಮಿ ಹೇಳು ಆಯಿ. ಆ್ಯಪ್ ಬ್ಯಾಡ, ಮೊಬೈಲ್‌ದಾಗೇ ಹಿಡೀತೀನಿ. ತುದಿ ಅಷ್ಟೇ.”

ಅಜ್ಜಿ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಆಮೇಲೆ ಕೋಲೆತ್ತಿ ಮೂಲೆಯಲ್ಲಿದ್ದ ಮೆಣಸಿನಕಾಯಿ ಚೀಲ ತೋರಿಸಿದಳು. “ಮೊದಲನೇದು ಪುಕ್ಕಟ ಇತ್ತು. ಎರಡನೇದಕ್ಕ ಆ ಚೀಲ.”

“ಆಮ್ಯಾಲ ತಿಂಗಳಾ ಒಂದೊಂದು ಚೀಲ ಅಂತಿಯೇನು?”

“ನನಗ ಅಕ್ಷರಾನೇ ಬರಂಗಿಲ್ಲ. ಸಣ್ಣವು ಎಲ್ಲಿಂದ ತರಲಿ? ಒಂದೇ ಚೀಲ.”

ಮೋನಮ್ಮ ಕುಳಿತಳು. ಪ್ರತಿ ತೊಟ್ಟೂ ಬಾಗಿಲಿನ ಒಂದು ಅಗಳಿಯೆಂದುಕೊಂಡು ಮುರಿದಳು. ಬಾಗಿಲಿನ ಬಿಸಿಲು ಕೋಳಿಬುಟ್ಟಿಯವರೆಗೆ ಸರಿಯಿತು. ಬೆರಳು ಉರಿಯತೊಡಗಿದವು. ನಡುವೆ ಅಕ್ಕ ಫೋನು ಮಾಡಿದಳು: “ಬಂತೇನ?” “ತಡಿಯಕ್ಕ, ದರ ಕಟ್ಟಾಕತ್ತೇನಿ” ಎಂದಳು ಮೋನಮ್ಮ, ಸೀನುತ್ತ. ಈ ಸಲ ನಿದ್ದೆ ಬರಲಿಲ್ಲ. ಸಂಜೆಯ ಹೊತ್ತಿಗೆ ಕೊನೆಯ ಕಾಯಿಯ ತೊಟ್ಟೂ ಮುರಿಯಿತು. ಅವಳು ಬೆರಳಿನ ಗಿಣ್ಣಿನಿಂದ ಮೊಬೈಲಿನ ಕೆಂಪು ಗುಂಡಿ ಒತ್ತಿದಳು.

ಅಜ್ಜಿ ಖಾಲಿ ಚೀಲ ನೋಡಿದಳು. ಇನ್ನು ತೋರಿಸಲು ಬೇರೆ ರಾಶಿಯಿರಲಿಲ್ಲ. ಹೊರಗೆ ನೋಡುತ್ತ ಹೇಳಿದಳು:

“ಏಳನೇ ಬಾಗಿಲ ತೆಗೀತು. ಒಳಗ ಆ ಹುಡುಗಿ ಅವ್ವ ಕುಂತಿದ್ಲು. ‘ಯಾಕಷ್ಟು ತಡಾ ಮಾಡ್ದಿ? ರೊಟ್ಟಿ ಆರ್ತಾವ, ಕೈಕಾಲು ತೊಳ್ಕೊಂಡು ಬಾ’ ಅಂದ್ಲು. ಮುಗೀತು.”

“ಇಷ್ಟೇನಾ? ಇಷ್ಟು ಹೇಳಾಕ ಇಷ್ಟು ವರ್ಷ ಬೇಕಾಯ್ತೇನು ಆಯಿ?”

“ನೀವಿಬ್ಬರು ಅವ್ವಿಲ್ಲದ ಕೂಸುಗಳು ನನ್ನ ಮುಂದೇ ಕುಂತಿರ್ತಿದ್ರಿ, ಮಾರಿ ನೋಡ್ಕೋತ. ಹ್ಯಾಂಗ ಹೇಳಲಿ? ಇವತ್ತ ಮುಂಜಾನಿ ಮುಂದ ಯಾರೂ ಇರಲಿಲ್ಲ, ಹೇಳಿದೆ.”

ಮೋನಮ್ಮ ಮುಂಗೈಯಿಂದ ಕಣ್ಣೊರೆಸಿಕೊಳ್ಳಹೋಗಿ ಬೆರಳು ತಾಗಿಸಿಕೊಂಡು ಚೀರಿದಳು. “ಖಾರದ ಕೈ ಹುಚ್ಚಿ!” ಎಂದು ಅಜ್ಜಿ ಬೈಯುತ್ತ ನೀರಿನ ತಂಬಿಗೆಗೆ ಕೈಚಾಚಿದಳು. ಒಂದೇ ಕಣ್ಣು ತೆರೆದು ಮೋನಮ್ಮ ಮೊಬೈಲು ಹುಡುಕಿ ಕಳಿಸುವ ಗುಂಡಿ ಒತ್ತಿದಳು. ಅಜ್ಜಿಯ ಆ ಮಾತೂ ಬೈಗುಳವೂ ಸೇರಿದ ಒಂದು ನಿಮಿಷದ ಕಥೆ ಸುರಪುರಕ್ಕೆ ಹೋಯಿತು. ಪರದೆಯ ಮೇಲೆ ಕೆಂಪು ಬೆರಳಚ್ಚೊಂದು ಉಳಿಯಿತು.