ಹಸಿರು ದೀಪದ ಸಿಟ್ಟು

ಆಸ್ಪತ್ರೆಯ ದೂರು ತೆಗೆದುಕೊಳ್ಳುವ ಯಂತ್ರ ಎಂದಿನಂತೆ ಮೊದಲು ಬೆರಳಿನಿಂದ ಹನಿ ರಕ್ತ ಹೀರಿಕೊಂಡು, ಫಕ್ಕೀರೇಶನಿಗೆ ಕೆಂಪು ದೀಪ ತೋರಿಸಿತು.

"ಟೆಸ್ಟೋಸ್ಟೆರಾನ್ ಜಾಸ್ತಿ ಐತ್ರಿ. ಈ ಸಿಟ್ಟು ನಿಮ್ಮದಲ್ಲ, ನೀವು ತಗೊಳ್ಳೂ ಹಾರ್ಮೋನ್ ಇಂಜೆಕ್ಷನ್‌ದು. ದೂರು ತಗೊಳ್ಳಾಕ ಬರೂದಿಲ್ಲ. ನಾರ್ಮಲ್ ಆದಮ್ಯಾಲೆ ಬರ್ರಿ."

"ಜಾಸ್ತಿ ಆಗೇತಿ ಅನ್ನೂದ ನನ್ನ ದೂರು!" ಫಕ್ಕೀರೇಶ ಮೇಜು ಗುದ್ದಿದ. "ರಕ್ತ ಗಟ್ಟಿ ಆಗಾಕತ್ತೇತಿ, ಡೋಸ್ ಇಳಸ್ರಿ ಅಂತ ರಿಪೋರ್ಟ್ ಹಿಡಕೊಂಡು ಬಡಕೊಂಡೆ. ನಿಮ್ಮ ಡಾಕ್ಟರ್ ಡಬಲ್ ಚುಚ್ಚಿ ಕಳಿಸಿದ!"

"ಮೇಜು ಗುದ್ದಿದ್ದು ಅಡ್ಡಪರಿಣಾಮ ಅಂತ ಬರಕೊಂಡೀನ್ರಿ."

ಹೆಂಡತಿ ನೀಲವ್ವ ಗಂಡನನ್ನು ಪಕ್ಕಕ್ಕೆ ಸರಿಸಿ ತನ್ನ ಬೆರಳಿಟ್ಟಳು. ಹಸಿರು ದೀಪ ಹತ್ತಿತು.

"ನಾರ್ಮಲ್ ಐತ್ರಿ. ಹೇಳ್ರಿ, ಅಕ್ಕಾರ."

ನೀಲವ್ವ ಬಗ್ಗಿ ಚಪ್ಪಲಿ ಕೈಗೆ ತೆಗೆದುಕೊಂಡಳು. "ಈಗ ಇದು ಯಾವುದರ ಅಡ್ಡಪರಿಣಾಮ ಅಂತ ಬರಕೋ, ನೋಡೂಣು."