ಬಿಡದ ಅಂಟು

ಪಿಟೀಲಿನ ಮೇಲುಹಲಗೆಯ ಸಂದಿಗೆ ತೂರಿಸಿದ ತೆಳು ಚಾಕು ಅರ್ಧಕ್ಕೇ ಕಚ್ಚಿಕೊಂಡಿತು. ಬೆಂಚಿನ ಸುತ್ತ ನಿಂತ, ತರಬೇತಿಗೆ ಬಂದವರಿಗೆ ಮೇಷ್ಟ್ರು ಆಗಷ್ಟೇ ಹೇಳಿದ್ದರು: “ಅಂಟು ಮರಕ್ಕಿಂತ ಗಟ್ಟಿ ಇರಬಾರದು. ನಾಳೆ ರಿಪೇರಿ ಮಾಡೋರಿಗೆ ಬಿಚ್ಚೋಕೆ ಆಗಬೇಕು.” ಇಲ್ಲಿ ಮಾತ್ರ ಅಂಟು ಜಪ್ಪಯ್ಯ ಎಂದರೂ ಬಿಡಲಿಲ್ಲ. ಮೇಷ್ಟ್ರು ಚಾಕುವನ್ನು ಇನ್ನೊಂಚೂರು ಒತ್ತಿದರು. ಟಪ್ಪೆಂದು ಹಲಗೆಯೇ ಉದ್ದಕ್ಕೆ ಸೀಳಿತು.

“ಯಾವ ಪುಣ್ಯಾತ್ಮ ಮೇಷ್ಟ್ರೇ, ಕಿಟಕಿ ಬಾಗಿಲಿಗೆ ಹಾಕೋ ಅಂಟು ತಂದು ಬಳಿದಿರೋದು?” ಎಂದಳು ಮುಂದೆ ನಿಂತಿದ್ದ ಹುಡುಗಿ. ಎಲ್ಲರೂ ನಕ್ಕರು.

ಮೇಷ್ಟ್ರು ನಗಲಿಲ್ಲ. ಪಿಟೀಲು ಅವರ ಅಕ್ಕನದು. ಮೊಮ್ಮಗಳಿಗೆ ಕೊಡಬೇಕೆಂದು ಸರಿಮಾಡಿಸಲು ತಂದವಳು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಅಕ್ಕನ ಪಿಟೀಲಿನ ಸಂದಿ ಈ ಜನ್ಮದಲ್ಲಿ ಮತ್ತೆ ಬಾಯಿ ಬಿಡಬಾರದು ಎಂದು, ಗುರುಗಳ ಮಾತು ಮೀರಿ ಆ ಅಂಟು ಬಳಿದಿದ್ದವರು ಈ ಮೇಷ್ಟ್ರೇ.

ಅಕ್ಕ ಎದ್ದು ಬಂದು ಸೀಳಿನ ಮೇಲೆ ಬೆರಳಾಡಿಸಿದಳು. ತಮ್ಮನ ಮುಖ ನೋಡಲಿಲ್ಲ. “ಯಾರೋ, ನೆನಪಿಲ್ಲಮ್ಮ,” ಎಂದಳು ಹುಡುಗಿಗೆ. “ಆದ್ರೆ ಪಾಪ, ತುಂಬಾ ಪ್ರೀತಿಯಿಂದ ಮಾಡಿಕೊಟ್ಟಿದ್ದ.”

ನಾನೇ ಎಂದು ಹೇಳಲು ಇದೇ ಹೊತ್ತು. ಮೇಷ್ಟ್ರ ತುಟಿಗೂ ಯಾರೋ ಅದೇ ಅಂಟು ಬಳಿದಂತಿತ್ತು.